ಅಕ್ಕನ ಮರದ ಕೆಳಗೆ

ನಾನು ಚಿಕ್ಕವನಿದ್ದಾಗ ಹತ್ತಿರ ಹತ್ತಿರ ಒಂದು ತಿಂಗಳು ತಲೆಯ ಮೇಲೆ ಮೊರ ಹೊತ್ತುಕೊಂಡೇ ಓಡಾಡಿದ್ದೆ. ಅಕ್ಕಿ ಕೇರುವ ಬಿದಿರಿನ ಮೊರ. ನಗುವುದಾದರೆ ಈಗಲೇ ನಕ್ಕುಬಿಡಿ ಮೊಮ್ಮಕ್ಕಳೇ, ನಮ್ಮೂರಿನವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಆ ಮೊರದ ಕೆಳಗೆ ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಹಾರನಹಳ್ಳಿಯಿಂದ ಎರಡು ಮೈಲಿ ನಡೆದರೆ ನಮ್ಮ ಊರು. ಮನೆಯ ಸುತ್ತ ತೆಂಗಿನ ತೋಟ. ಹೊಸಿಲು ದಾಟಿದರೆ ತೆಂಗಿನ ಮರ, ಬಾವಿಗೆ ಹೋದರೆ ತೆಂಗಿನ ಮರ, ಸ್ಕೂಲಿಗೆ ಹೋಗುವ ದಾರಿಯ ಎರಡೂ ಬದಿಗೆ ತೆಂಗಿನ ಮರ. ನಮ್ಮ ಮನೆಯಲ್ಲಿ ಕೊಬ್ಬರಿ ಮಾಡುತ್ತಿದ್ದರು. ಕೊಬ್ಬರಿಗೆ ಬೇಕಾದ ಕಾಯಿಯನ್ನು ಅಪ್ಪ ಕೀಳಿಸುತ್ತಿರಲಿಲ್ಲ. ಮರದಲ್ಲೇ ಪೂರ್ತಿ ಬಲಿತು ತಾನಾಗಿ ಬಿದ್ದ ಕಾಯಿಯದೇ ದಪ್ಪ ಕೊಬ್ಬರಿ ಎಂದು ಅವರ ಲೆಕ್ಕ. ಹಾಗಾಗಿ ಹಗಲಿರುಳು ತೋಟದಲ್ಲಿ ಎಲ್ಲೋ ಒಂದು ಕಡೆ ಧೊಪ್ ಎಂದು ಕಾಯಿ ಬೀಳುವ ಸದ್ದು ಕೇಳುತ್ತಲೇ ಇರುತ್ತಿತ್ತು. ಬೆಳಿಗ್ಗೆ ಎದ್ದು, ಇಬ್ಬನಿಯಲ್ಲಿ ಒದ್ದೆಯಾದ ಆ ಕಾಯಿಗಳನ್ನು ಆರಿಸಿ ತರುವುದು ಅಕ್ಕನ ಮತ್ತು ನನ್ನ ಕೆಲಸ.

ಕಾಯಿ ತಲೆಯ ಮೇಲೆ ಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ನಾನೂ ಅಜ್ಜಿಯನ್ನು ಕೇಳಿದ್ದೆ. ತೆಂಗಿನ ಮರಕ್ಕೆ ಕಣ್ಣಿದೆ, ಕೆಳಗೆ ಮನುಷ್ಯರು ಓಡಾಡುತ್ತಿದ್ದರೆ ಅದು ಕಾಯಿ ಬಿಡುವುದಿಲ್ಲ ಎಂದು ಅಜ್ಜಿ ಹೇಳಿದ್ದರು. ಹೇಳಿದ ಮೇಲೆ ಎಲೆಯಡಿಕೆ ಜಗಿಯುತ್ತಾ, ತಪ್ಪು ಮಾಡಿದವರ ವಿಷಯ ಬೇರೆ ಅನ್ನು ಎಂದೂ ಸೇರಿಸಿದ್ದರು. ನಮ್ಮ ಕಡೆ ಬಹಳ ಜನ ಮರದ ಕಣ್ಣನ್ನು ನಂಬಿಕೊಂಡು ನಿಶ್ಚಿಂತೆಯಿಂದ ಓಡಾಡುತ್ತಿದ್ದರು. ಎಂಟು ವರ್ಷದ ನಾನೂ ನಂಬಿದ್ದೆ.

ಅಂಗಳದ ಮೂಲೆಯಲ್ಲಿ ಒಂದು ಮರವಿತ್ತು. ಅಕ್ಕ ಹುಟ್ಟಿದ ವರ್ಷ ಅಪ್ಪ ನೆಟ್ಟದ್ದು. ಅದನ್ನು ಎಲ್ಲರೂ ಅಕ್ಕನ ಮರ ಎಂದೇ ಕರೆಯುತ್ತಿದ್ದರು. ಅದರ ಕಾಯಿ ಉಳಿದ ಮರಗಳದಕ್ಕಿಂತ ದಪ್ಪ. ಅಕ್ಕನಿಗೆ ಅದರ ಬಗ್ಗೆ ಎಷ್ಟು ಜಂಬವೆಂದರೆ, ಪಾತ್ರೆ ತೊಳೆದ ನೀರನ್ನು ಸಹ ಬೇರೆ ಮರಕ್ಕೆ ಬಿಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಅಪ್ಪ ನನಗೆ ಕರುವನ್ನು ಹುಲ್ಲಿನ ಬಣವೆಯ ಹತ್ತಿರದ ಗೂಟಕ್ಕೆ ಕಟ್ಟಲು ಹೇಳಿ ಹೊಲಕ್ಕೆ ಹೋದರು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಪುಟ್ಟ ಕರು ಅದು, ಹುಟ್ಟಿ ಇನ್ನೂ ತಿಂಗಳಾಗಿರಲಿಲ್ಲ. ಬಣವೆ ಹಿತ್ತಲಿನ ಆಚೆ ಕೊನೆಗಿತ್ತು. ಗೆಳೆಯರು ಬೀದಿಯಲ್ಲಿ ಬುಗುರಿ ಆಡಲು ಶುರು ಮಾಡಿದ್ದರು. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ನಾನು ಕರುವನ್ನು ಅಕ್ಕನ ಮರಕ್ಕೇ ಕಟ್ಟಿ ಓಡಿದೆ.

ಧೊಪ್ ಎಂಬ ಸದ್ದು ಬೀದಿಗೆ ಕೇಳಿಸಿತು. ಆ ಸದ್ದಿನಲ್ಲಿ ಏನೋ ವ್ಯತ್ಯಾಸವಿತ್ತು. ಬುಗುರಿ ಬಿಟ್ಟು ಓಡಿ ಬಂದು ನೋಡಿದರೆ ಕರು ಮಲಗಿತ್ತು, ಏಳುತ್ತಿರಲಿಲ್ಲ. ಅದರ ಪಕ್ಕದಲ್ಲಿ ಆ ದಪ್ಪ ಕಾಯಿ. ನನ್ನ ಕೈ ಏನು ಮಾಡಿತೆಂದು ಇವತ್ತಿಗೂ ನೆನಪಿದೆ. ಅದು ಅವ್ವನನ್ನು ಕೂಗಲು ಹೋಗಲಿಲ್ಲ. ಮರಕ್ಕೆ ಸುತ್ತಿದ್ದ ಹಗ್ಗವನ್ನು ಬಿಚ್ಚಿತು. ಆಮೇಲೆ ನಾನು ಅವ್ವನನ್ನು ಕೂಗಿದೆ.

ಕರು ಸಂಜೆಯವರೆಗೂ ಉಳಿಯಲಿಲ್ಲ. ಗೂಟದಿಂದ ಬಿಡಿಸಿಕೊಂಡು ಬಂದಿರಬೇಕು ಪಾಪ ಎಂದು ಎಲ್ಲರೂ ಅಂದುಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಸು ಎರಡು ದಿನ ಕೊಟ್ಟಿಗೆಯಲ್ಲಿ ಅಂಬಾ ಎಂದು ಕೂಗಿತು. ಅಕ್ಕ ಅದರ ಕುತ್ತಿಗೆ ಸವರುತ್ತಾ ಅಳುತ್ತಿದ್ದಳು. ನಾನು ಹೊದಿಕೆಯೊಳಗೆ ಮುದುರಿಕೊಂಡು ಬೇರೆಯದೇ ಯೋಚನೆ ಮಾಡುತ್ತಿದ್ದೆ. ಮರಕ್ಕೆ ಕಣ್ಣಿದೆ. ಹಗ್ಗ ಕಟ್ಟಿದವನನ್ನೂ ಅದು ನೋಡಿದೆ, ಬಿಚ್ಚಿದವನನ್ನೂ ನೋಡಿದೆ. ಇನ್ನೊಂದು ಕಾಯಿ ನನಗಾಗಿ ಬಲಿಯುತ್ತಿದೆ.

ಮರುದಿನ ಹೊಸಿಲು ದಾಟಲು ಆಗಲಿಲ್ಲ. ಅಂಗೈ ಬೆವರಿತು, ವಾಪಸ್ಸು ಒಳಗೆ ಓಡಿದೆ. ಎರಡು ದಿನ ಕಳೆದ ಮೇಲೆ ಮೊರದ ಉಪಾಯ ಹೊಳೆಯಿತು. ಮೊರ ಹೊತ್ತು ಓಡಿದರೆ ಸ್ಕೂಲಿನವರೆಗೆ ಹೇಗೋ ಹೋಗುತ್ತಿದ್ದೆ. ಆದರೆ ಅಲ್ಲಿ ಮಕ್ಕಳೆಲ್ಲ ನನ್ನನ್ನು ಮೊರದಯ್ಯ ಎಂದು ಕರೆಯತೊಡಗಿದರು. ಆಮೇಲೆ ಸ್ಕೂಲಿಗೆ ಹೋಗುವುದೂ ನಿಂತಿತು. ಊಟ ಸೇರುತ್ತಿರಲಿಲ್ಲ. ಎಲ್ಲಿಯೋ ಕಾಯಿ ಬಿದ್ದರೆ ನಾನು ಇಲ್ಲಿ ಬೆಚ್ಚುತ್ತಿದ್ದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ತೆಂಗಿನ ಮರದ ಭಯ ಬಂದರೆ ಅವನು ಹೋಗುವುದಾದರೂ ಎಲ್ಲಿಗೆ?

ಅಜ್ಜಿ ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದರು. ಮಠದಿಂದ ವಿಭೂತಿ ತಂದು ಹಣೆಗೆ ಹಚ್ಚಿದರು. ಕೈಗೆ ದಾರ ಕಟ್ಟಿಸಿದರು. ಯಾವುದೂ ನಾಟಲಿಲ್ಲ. ಸ್ಕೂಲಿನ ಮೇಷ್ಟ್ರು ಒಂದು ದಿನ ಮನೆಗೇ ಬಂದು, ಹೀಗೇ ಆದರೆ ಹುಡುಗನ ವರ್ಷ ಹಾಳಾಗುತ್ತದೆ ಎಂದು ಹೇಳಿ ಹೋದರು. ಅವತ್ತು ಅಜ್ಜಿ ಅಪ್ಪನಿಗೆ ಒಂದೇ ಮಾತು ಹೇಳಿದರು. ಮಗು ಹೆದರಿಕೊಂಡಿರುವುದು ಆ ಕರು ಸತ್ತ ಮರಕ್ಕೆ, ಅದು ಕಣ್ಣೆದುರು ಇರುವವರೆಗೂ ಭಯ ಬಿಡುವುದಿಲ್ಲ, ಕಡಿಸಿಬಿಡು. ಫಲ ಕೊಡುವ ಮರಕ್ಕೆ ಕೊಡಲಿ ಹಾಕಿಸಲು ಅಪ್ಪನಿಗೆ ಮನಸ್ಸಿರಲಿಲ್ಲ. ಆದರೆ ನನ್ನ ಮುಖ ನೋಡಿ ಒಪ್ಪಿಕೊಂಡರು. ಸೋಮವಾರ ಬೆಳಿಗ್ಗೆ ಕಡಿಸುವುದೆಂದು ನಿಶ್ಚಯವಾಯಿತು. ಮರ ಕಡಿಯುವವನು ಶನಿವಾರವೇ ಬಂದು ಮರವನ್ನು ಸುತ್ತಿ ನೋಡಿ, ಕೊಡಲಿಯನ್ನು ನಮ್ಮ ಜಗಲಿಯ ಮೇಲೆ ಇಟ್ಟು ಹೋದ.

ಅಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಅದಕ್ಕಿಂತ ಅವಳು ನನ್ನ ಬೆನ್ನಿಗೆ ಎರಡು ಗುದ್ದಿದ್ದರೆ ಚೆನ್ನಾಗಿತ್ತು. ತಪ್ಪು ಮರದ್ದಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟರೆ ಮರ ಉಳಿಯುತ್ತದೆ, ಆದರೆ ಕರುವನ್ನು ಕೊಂದವನು ನಾನೆಂದು ಎಲ್ಲರಿಗೂ ತಿಳಿಯುತ್ತದೆ. ಜಗಲಿಯ ಮೇಲಿನ ಕೊಡಲಿ ಕಂಡಾಗಲೆಲ್ಲ ಒಳಗೆ ಓಡಿಹೋಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಪ್ಪ ಗಾಡಿ ಕಟ್ಟಿದರು. ಎಲ್ಲರೂ ಹೊಲಕ್ಕೆ ಹೋಗೋಣ, ಅವರೆಕಾಯಿ ಬಿಡಿಸಬೇಕು ಎಂದರು. ಅವರೆಕಾಯಿ ಬಿಡಿಸಲು ಮನೆಮಂದಿಯೆಲ್ಲ ಹೋಗುವ ಅಗತ್ಯವಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಅವರು ಗಾಡಿಗೆ ಬಿದಿರಿನ ದಬ್ಬೆ ಬಗ್ಗಿಸಿ ಕಟ್ಟಿ, ಮೇಲೆ ಚಾಪೆ ಹೊದಿಸಿದ್ದರು. ನನಗಾಗಿಯೇ ಎಂದು ಬಾಯಲ್ಲಿ ಹೇಳಲಿಲ್ಲ. ನಾನು ಒಳಗೆ ಕುಳಿತು, ಕಣ್ಣು ಮುಚ್ಚಿ, ಅವ್ವನ ಸೆರಗು ಹಿಡಿದುಕೊಂಡೆ. ತೋಟ ದಾಟುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ. ಅಕ್ಕ ಒಂದು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಟವಲು ಮುಚ್ಚಿ ಕುಳಿತಿದ್ದಳು.

ನಮ್ಮ ಹೊಲ ದಿಬ್ಬದ ಮೇಲಿತ್ತು. ರಾಗಿ ಕೊಯ್ದಾಗಿತ್ತು, ಸಾಲುಗಳಲ್ಲಿ ಅವರೆ ಮಾತ್ರ ನಿಂತಿತ್ತು. ತಲೆ ಎತ್ತಿದರೆ ಬರೀ ಆಕಾಶ. ಒಂದೇ ಒಂದು ಮರವೂ ನೆತ್ತಿಯ ಮೇಲಿರಲಿಲ್ಲ. ಗಾಡಿಯಿಂದ ಇಳಿದವನಿಗೆ ಎಷ್ಟೋ ದಿನಗಳ ಮೇಲೆ ಕುತ್ತಿಗೆ ಸಡಿಲವಾದಂತಾಯಿತು. ಆದರೂ ಮೊರವನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಅವ್ವ ಏನೂ ಅನ್ನದೆ ಅದನ್ನು ಇಸಿದುಕೊಂಡು, ಬಿಡಿಸಿದ ಕಾಯಿ ಹಾಕಲು ಇಟ್ಟುಕೊಂಡರು.

ನಾವೆಲ್ಲ ಸಾಲು ಹಿಡಿದು ಕಾಯಿ ಬಿಡಿಸಿದೆವು. ಇಬ್ಬನಿಯಲ್ಲಿ ನೆನೆದ ಅವರೆಕಾಯಿಯ ಸೊಗಡು ಬೆರಳಿಗೆ ಅಂಟಿಕೊಂಡು, ಮೂಗಿಗೆ ಹತ್ತುತ್ತಿತ್ತು. ಬರಿಗಾಲಿಗೆ ರಾಗಿ ಕೂಳೆ ಚುಚ್ಚುತ್ತಿತ್ತು. ಬಿಸಿಲು ನಿಧಾನವಾಗಿ ಬೆನ್ನಿಗೆ ಏರುತ್ತಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ, ಧೈರ್ಯ ಹೇಳಲಿಲ್ಲ, ತಲೆ ಸವರಲಿಲ್ಲ. ಒಂದು ತಿಂಗಳಿಂದ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವತ್ತು ಎಲ್ಲರ ಕಣ್ಣೂ ಅವರೆ ಗಿಡದ ಮೇಲಿತ್ತು. ಅದು ನನಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ.

ಬಿಸಿಲು ಬಲಿತ ಮೇಲೆ ಅಪ್ಪ ಒಣಗಿದ ಬೆರಣಿ ಸೇರಿಸಿ ಬೆಂಕಿ ಮಾಡಿ ಅವರೆಕಾಯಿ ಸುಟ್ಟರು. ಅಜ್ಜಿ ಗಂಟು ಬಿಚ್ಚಿ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕೊಟ್ಟರು. ನಾನು ಎರಡು ರೊಟ್ಟಿ ತಿಂದೆ. ಮೂರನೆಯದಕ್ಕೂ ಕೈ ಚಾಚಿದಾಗ ಅವ್ವ ಬೇರೆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಗೆಯ ನೆಪ ಹೇಳಿದರು.

ಊಟವಾದ ಮೇಲೆ ನೋಡಿದರೆ ಅಕ್ಕ ಅಲ್ಲಿರಲಿಲ್ಲ. ಹೊಲದ ಕೆಳಗಿನ ಮೂಲೆಯಲ್ಲಿ ಮಳೆನೀರು ನಿಲ್ಲುವ ಒಂದು ಸಣ್ಣ ಕಟ್ಟೆ ಇತ್ತು. ಅವಳು ಅದರ ಏರಿಯ ಪಕ್ಕದಲ್ಲಿ ಕುಳಿತು ಕುಡುಗೋಲಿನ ತುದಿಯಿಂದ ನೆಲ ಅಗೆಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ. ಟವಲು ಸರಿದು ಒಳಗಿರುವುದು ಕಾಣುತ್ತಿತ್ತು. ಮೊಳಕೆ ಬಂದ ಒಂದು ತೆಂಗಿನಕಾಯಿ, ಅದರ ನೆತ್ತಿಯಿಂದ ಎರಡು ಹಸಿರು ಎಲೆ.

ಹತ್ತಿರ ಹೋಗಿ, ಏನಕ್ಕ ಇದು ಎಂದೆ.

“ನನ್ನ ಮರದ್ದು ಕಣೋ,” ಎಂದಳು, ತಲೆ ಎತ್ತದೆ. “ನಾಳೆ ಅದು ಇರಾಕಿಲ್ವಲ್ಲ. ಇದಾದ್ರೂ ಉಳ್ಕಳ್ಲಿ ಅಂತ. ಇಲ್ಲಿ ಹಾಕಿದ್ರೆ ನಿಂಗೇನೂ ತೊಂದ್ರೆ ಇಲ್ಲ, ನೀನು ಈ ಮೂಲೆಗೆ ಬರಾದೇ ಇಲ್ಲ.”

ಸಿಟ್ಟಿನಿಂದ ಹೇಳಲಿಲ್ಲ. ನನಗೆ ತೊಂದರೆಯಾಗದ ಜಾಗ ಹುಡುಕಿ ಅವಳು ಗುಂಡಿ ತೋಡುತ್ತಿದ್ದಳು. ಒಂದು ತಿಂಗಳಿಂದ ನಾನು ಮುಚ್ಚಿಟ್ಟಿದ್ದದ್ದು ಆಗ ಹೊರಗೆ ಬಂತು. ಕರುವನ್ನು ಕಟ್ಟಿದ್ದು ನಾನು ಎಂದೆ. ಹಗ್ಗ ಬಿಚ್ಚಿದ್ದೂ ನಾನು ಎಂದೆ. ಹೇಳಿ ಮುಗಿಸುವ ಹೊತ್ತಿಗೆ ಜೋರಾಗಿ ಅಳುತ್ತಿದ್ದೆ. ನನ್ನ ಅಳು ಕೇಳಿ ಅಪ್ಪ ಅವ್ವ ಅಜ್ಜಿ ಎಲ್ಲರೂ ಬಂದು ನಿಂತಿದ್ದರು. ಅಕ್ಕನ ಕೈಯಲ್ಲಿದ್ದ ಕುಡುಗೋಲು ನಿಂತುಹೋಗಿತ್ತು. ಮರ ನೋಡಿದೆ, ಮುಂದಿನ ಕಾಯಿ ನನಗೇ ಎಂದೂ ಹೇಳಿಬಿಟ್ಟೆ.

ಅಪ್ಪ ಬಂದು ಏರಿಯ ಮೇಲೆ ನನ್ನ ಪಕ್ಕ ಕುಳಿತರು. ಹೊಡೆಯುತ್ತಾರೆಂದು ಭುಜ ಕುಗ್ಗಿಸಿಕೊಂಡೆ. ಅವರು ಹೊಡೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಕಟ್ಟೆಯ ನೀರನ್ನು ನೋಡುತ್ತಾ ಮಾತಾಡಿದರು.

“ಆ ಕಾಯಿ ಒಣಗಿ ತೊಟ್ಟು ಸಡ್ಲ ಆಗಿದ್ದು ನಾನು ಮುಂಚೇನೇ ನೋಡಿದ್ದೆ ಕಣೋ. ಅಂಗಳದ ಮರ, ಕೆಳಗೆ ಮಕ್ಕಳು ಆಡ್ತವೆ, ಕೀಳಿಸ್ಬೇಕು ಅಂತ ಗೊತ್ತಿತ್ತು. ದಪ್ಪ ಕೊಬ್ಬರಿ ಆಯ್ತದೆ, ಇನ್ನೆರಡು ದಿನ ಇರ್ಲಿ ಅಂತ ಬಿಟ್ಟೆ. ನಂಗೂ ಅವತ್ತಿಂದ ನಿದ್ದೆ ಇಲ್ಲ. ಕರು ಇದ್ದ ಜಾಗದಾಗೆ ನೀನು ಇದ್ದಿದ್ರೆ ಅಂತ.”

ಅಪ್ಪನಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಅಷ್ಟು ದೊಡ್ಡ ಮೀಸೆಯ ಮನುಷ್ಯ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮಗ್ಗುಲು ಬದಲಿಸುತ್ತಿದ್ದರು, ಗೋಡೆಯ ಈಚೆ ನಾನೂ ಹಾಗೇ. ಒಬ್ಬರಿಗೊಬ್ಬರು ಹೇಳಿರಲಿಲ್ಲ. ಆಮೇಲೆ ಅಜ್ಜಿ ಬಂದು, ಹಣೆಯ ಮೇಲಿನ ನನ್ನ ಕೂದಲು ಸರಿಸಿ, ನಾನು ಬಾಯಿಗೆ ಬಂದದ್ದು ಹೇಳಿದೆ ಮಗ, ಅದನ್ನು ನೀನು ಹೀಗೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ ಅಂತ ತಿಳಿಯಲಿಲ್ಲ ಎಂದರು.

ಅಕ್ಕ ಕುಡುಗೋಲು ನನ್ನ ಕೈಗೆ ಕೊಟ್ಟಳು. ಉಳಿದ ಗುಂಡಿಯನ್ನು ನಾನು ತೋಡಿದೆ. ಮೊಳಕೆಯನ್ನು ಅವಳು ಇಟ್ಟಳು, ಮಣ್ಣನ್ನು ನಾನು ತುಂಬಿದೆ, ಕಟ್ಟೆಯಿಂದ ಬೊಗಸೆಯಲ್ಲಿ ನೀರು ತಂದು ಇಬ್ಬರೂ ಹಾಕಿದೆವು. ಕರುವಿನ ನೆನಪು ಇಬ್ಬರಿಗೂ ಬಂದಿರಬೇಕು, ಏಕೆಂದರೆ ಇಬ್ಬರೂ ಮೂಗು ಒರೆಸಿಕೊಳ್ಳುತ್ತಿದ್ದೆವು.

ಇಲ್ಲಿಗೆ ಭಯ ಓಡಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊತ್ತು ಇಳಿಯುವ ಮುಂಚೆ ವಾಪಸ್ಸು ಹೊರಟೆವು. ತೋಟದ ಬಾಯಿಗೆ ಬರುತ್ತಲೇ ನಾನು ಮತ್ತೆ ಅವ್ವನ ಸೆರಗು ಹಿಡಿದುಕೊಂಡೆ. ಅಪ್ಪ ಎತ್ತುಗಳನ್ನು ನಿಲ್ಲಿಸಿ, ಗಾಡಿಯಲ್ಲೇ ಬರುತ್ತೀಯೋ, ನಡೆಯುತ್ತೀಯೋ ಎಂದು ಕೇಳಿದರು. ಎರಡರಲ್ಲಿ ಯಾವುದಾದರೂ ಸರಿ ಎನ್ನುವ ಹಾಗೆ ಕೇಳಿದರು. ನಾನು ಜಗಲಿಯ ಮೇಲಿನ ಕೊಡಲಿಯನ್ನು ನೆನೆಸಿಕೊಂಡು ಇಳಿದೆ. ಅಕ್ಕನೂ ಇಳಿದು ನನ್ನ ಕೈ ಹಿಡಿದಳು. ಅಪ್ಪ ಮೂಗುದಾರದ ಹಗ್ಗವನ್ನು ಅವ್ವನ ಕೈಗೆ ಕೊಟ್ಟು ನಮ್ಮ ಜೊತೆ ಬಂದರು.

ಅಪ್ಪ ಮೊದಲನೆಯ ಮರದ ಹತ್ತಿರ ನಿಂತರು. ತಲೆ ಬಗ್ಗಿಸಬೇಡ, ಮೇಲೆ ನೋಡು, ಏನಿದೆ ಹೇಳು ಎಂದರು. ಒಂದು ತಿಂಗಳಿಂದ ನಾನು ಮೇಲೆ ನೋಡಿಯೇ ಇರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಒಂದು ಹೊಂಬಾಳೆ, ಎಳನೀರಿನ ಗೊನೆ, ಹಸಿರು ಕಾಯಿ. ಒಣಗಿದ್ದು ಇಲ್ಲ ಎಂದೆ. ಹಾಗಾದರೆ ನಡೆ ಎಂದರು. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ಎರಡು ಒಣಗಿದ ಕಾಯಿ ನೇತಾಡುತ್ತಿದ್ದವು, ಅದರ ಕೆಳಗೆ ಹೋಗದೆ ಸುತ್ತು ಬಳಸಿ ಹೋದೆವು. ಅಂಗೈ ಬೆವರಿ ಅಕ್ಕನ ಕೈಯಿಂದ ಎರಡು ಸಲ ಜಾರಿತು, ಎರಡು ಸಲವೂ ಅವಳು ಮತ್ತೆ ಹಿಡಿದುಕೊಂಡಳು.

ಕೊನೆಗೆ ಅಂಗಳ. ಅಕ್ಕನ ಮರ. ನಾನು ನಿಂತು ಮೇಲೆ ನೋಡುತ್ತಿರುವಾಗಲೇ ಹಿಂದೆ ತೋಟದಲ್ಲಿ ಏನೋ ಸರ್ರೆಂದು ಜಾರಿ ಧಡಾರೆಂದು ಬಿತ್ತು. ಓಡಬೇಕೆಂದು ಮೈಯೆಲ್ಲ ಕೂಗುತ್ತಿತ್ತು. ಅಪ್ಪ ಹಿಂದೆ ತಿರುಗಿ ನೋಡಿ, ಒಣಗಿದ ಗರಿ ಎಂದರು. ಅಷ್ಟೇ ಅಂದರು. ನಾನು ಉಸಿರು ಎಳೆದುಕೊಂಡು ಮತ್ತೆ ಮೇಲೆ ನೋಡಿದೆ. ಗೊನೆಗಳನ್ನು ಒಂದೊಂದಾಗಿ ನೋಡಿದೆ. ಒಣಗಿದ್ದು ಇಲ್ಲ ಎಂದೆ, ನನ್ನ ದನಿ ನನಗೇ ಕೇಳಲಿಲ್ಲ. ಆಮೇಲೆ ಮರದ ಬುಡದಲ್ಲೇ ಹಾದು ಜಗಲಿ ಹತ್ತಿದೆ. ಹತ್ತಿದ ಮೇಲೆ ಕೊಡಲಿಯ ಪಕ್ಕದಲ್ಲೇ ಕುಸಿದು ಕುಳಿತೆ.

ಸೋಮವಾರ ಮರ ಕಡಿಯುವವನು ಬಂದಾಗ ಅಪ್ಪ ಅವನಿಗೆ ಕಾಫಿ ಕೊಡಿಸಿ, ಕೊಡಲಿಯನ್ನು ವಾಪಸ್ಸು ಕಳಿಸಿದರು. ಅಂಗಳದ ಮತ್ತು ದಾರಿಯ ಮರಗಳಲ್ಲಿ ಮಾತ್ರ ಕಾಯಿ ಬಲಿಯುತ್ತಲೇ ಕೀಳಿಸುವ ಪದ್ಧತಿ ಅಂದಿನಿಂದ ಶುರುವಾಯಿತು. ನನ್ನ ಮೊರ ಇನ್ನೂ ಎಂಟು ಹತ್ತು ದಿನ ನನ್ನ ಜೊತೆ ಸ್ಕೂಲಿಗೆ ಬಂತು, ತಲೆಯ ಮೇಲಲ್ಲ, ಕಂಕುಳಲ್ಲಿ. ಭಾನುವಾರ ಬಂದರೆ ಏನಾದರೊಂದು ನೆಪ ಹೇಳಿ ಅಪ್ಪ ನಮ್ಮನ್ನೆಲ್ಲ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೇಸಿಗೆಯ ಹೊತ್ತಿಗೆ ಮೊರ ಅವ್ವನಿಗೆ ಪೂರ್ತಿಯಾಗಿ ವಾಪಸ್ಸು ಸಿಕ್ಕಿತು.

ಈಗ ನಿಮ್ಮ ಕಾಲಕ್ಕೆ ಬರುತ್ತೇನೆ. ನೀವು ಅರಸೀಕೆರೆಯಲ್ಲಿ ಮನೆ ಬಾಗಿಲಿಗೆ ಬರುವ ವ್ಯಾನು ಹತ್ತಿ ಸ್ಕೂಲಿಗೆ ಹೋಗುತ್ತೀರಿ. ನಿಮ್ಮ ನೆತ್ತಿಯ ಮೇಲೆ ಫ್ಯಾನು ಬಿಟ್ಟರೆ ಬೇರೇನೂ ಇಲ್ಲ. ಕಾಯಿ ಬೀಳುವ ಸದ್ದನ್ನು ನೀವು ಕೇಳಿಯೂ ಇಲ್ಲ. ಹಾಗಾದರೆ ನಿಮಗೇನು ಭಯ ಎಂದು ನಾನೂ ದಡ್ಡನ ಹಾಗೆ ಅಂದುಕೊಂಡಿದ್ದೆ. ಈ ವರ್ಷ ನಿಮ್ಮಲ್ಲಿ ಚಿಕ್ಕವಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಬರತೊಡಗಿತು. ವ್ಯಾನಿನ ಹಾರ್ನ್ ಸದ್ದು ಕೇಳಿದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ, ಮನಸ್ಸಿಗೆ ಏನೋ ಭಾರವಾಗಿದೆ ಎಂದು ಡಾಕ್ಟರು ಹೇಳಿದರು. ಸ್ವಲ್ಪ ಬದಲಾವಣೆಯಾಗಲಿ ಎಂದು ಅವಳ ಅಪ್ಪ ಅಮ್ಮ ಒಂದು ಭಾನುವಾರ ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಗುಡಿಯ ಮುಂದೆ ನಿಲ್ಲಿಸಿ ನಗು ನಗು ಎಂದು ಫೋಟೋ ತೆಗೆದರು. ಅವಳು ನಕ್ಕಳು. ಆದರೆ ನನ್ನ ಕೈಯಲ್ಲಿದ್ದ ಅವಳ ಅಂಗೈ ಒದ್ದೆಯಾಗಿತ್ತು. ಆ ಒದ್ದೆ ನನಗೆ ಚೆನ್ನಾಗಿ ಗೊತ್ತು.

ಮುಂದಿನ ಭಾನುವಾರ ನಾನು ಅವರೆಕಾಯಿಯ ನೆಪ ಹೇಳಿದೆ. ಫೋನುಗಳನ್ನೆಲ್ಲ ಮನೆಯಲ್ಲೇ ಬಿಡಿಸಿ, ಮನೆಮಂದಿಯನ್ನೆಲ್ಲ ದಿಬ್ಬದ ಹೊಲಕ್ಕೆ ಕರೆದುಕೊಂಡು ಹೋದೆ. ಅವಳನ್ನು ಏನೂ ಕೇಳಕೂಡದು ಎಂದು ಎಲ್ಲರಿಗೂ ಮೊದಲೇ ಹೇಳಿದ್ದೆ. ಅಕ್ಕ ಮತ್ತು ನಾನು ನೆಟ್ಟ ಆ ಮೊಳಕೆ ಈಗ ಕಟ್ಟೆಯ ಏರಿಯ ಪಕ್ಕದಲ್ಲಿ ಎತ್ತರದ ಮರವಾಗಿದೆ. ಅಕ್ಕ ಪ್ರತಿ ಸಲ ಫೋನು ಮಾಡಿದಾಗಲೂ ಮೊದಲು ಅದನ್ನು ವಿಚಾರಿಸಿ ಆಮೇಲೆ ನನ್ನನ್ನು ವಿಚಾರಿಸುತ್ತಾಳೆ. ಮಧ್ಯಾಹ್ನ ನಾನು ಅದರ ಹತ್ತಿರ ಹೋಗಿ ಅಭ್ಯಾಸದಂತೆ ಮೇಲೆ ನೋಡುತ್ತಾ ನಿಂತೆ. ಚಿಕ್ಕವಳು ಹಿಂದೆಯೇ ಬಂದಳು. ತಾತ ಏನು ನೋಡುತ್ತಿದ್ದಾರೆ ಎಂದು ಅವಳೂ ನೋಡಿದಳು. ನಾನು ಕರುವಿನ ಕಥೆ ಹೇಳಿದೆ, ಹಗ್ಗ ಬಿಚ್ಚಿದ್ದನ್ನೂ ಸೇರಿಸಿ. ಆ ದಿನ ಹೊಲದಲ್ಲಿ ಮನೆಯವರಿಗೆ ಹೇಳಿದ್ದು ಬಿಟ್ಟರೆ ಬೇರೆ ಯಾರಿಗೂ ನಾನದನ್ನು ಅಲ್ಲಿಯವರೆಗೆ ಹೇಳಿರಲಿಲ್ಲ.

ಅವಳು ಬಹಳ ಹೊತ್ತು ಕಟ್ಟೆಯ ನೀರಿಗೆ ಸಣ್ಣ ಸಣ್ಣ ಕಲ್ಲು ಎಸೆಯುತ್ತಾ ಕುಳಿತಿದ್ದಳು. ನಾನೂ ನೀರನ್ನೇ ನೋಡುತ್ತಿದ್ದೆ.

“ತಾತ, ನಾನೂ ಒಂದು ಹೇಳ್ಲಾ?” ಎಂದಳು. “ಬೈಯಬಾರದು.”

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಹೇಳಿ ಮುಗಿಸಿದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು, ಇಬ್ಬರೂ ಸುಟ್ಟ ಅವರೆಕಾಯಿ ತಿನ್ನಲು ಉಳಿದವರ ಹತ್ತಿರ ನಡೆದೆವು. ಮರದ ಕೆಳಗೆ ಹಾಯುವಾಗ ಅವಳು ನನ್ನನ್ನು ನಿಲ್ಲಿಸಿ, ತಲೆಯೆತ್ತಿ, ಒಂದೊಂದೇ ಗೊನೆಯನ್ನು ನೋಡಿದಳು.

“ಒಣಗಿದ್ದು ಇಲ್ಲ ತಾತ,” ಎಂದಳು. “ಬಾ.”